ಉಪ್ಪು ಸರಿ ಇದೆಯಂತೆ

ಕಳೆದ ಡಿಸೆಂಬರಿನ ಒಂದು ಸಂಜೆ. ಮಂಗಳೂರಿನಲ್ಲಿ ಏನೋ ಕೆಲಸ ಮುಗಿಸಿ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಉಡುಪಿ ಎಕ್ಸ್‌ಪ್ರೆಸ್ ಬಸ್ ಹತ್ತಿದ್ದೆ. ಸುರತ್ಕಲ್ ದಾಟುವ ಹೊತ್ತಿಗೆ ಫೋನ್ ಬಂತು. ನಾನೀಗ ಕೆಲಸ ಮಾಡುವ ಡಯಾಲಿಸಿಸ್ ಯೂನಿಟ್‌ಗೆ ಬರುವ ರೋಗಿಯೊಬ್ಬರ ಹೆಂಡತಿ. ಗಂಡನ ಕಾಲು ಊದಿದೆ, ಏನು ಮಾಡುವುದು ಎಂದು ಅವರಿಗೆ ಗಾಬರಿ. ಉಸಿರಾಟ ಹೇಗುಂಟು, ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದರು ಎಂದೆಲ್ಲ ಕೇಳಿದೆ. "ಡಾಕ್ಟರಿಗೆ ಈಗಲೇ ಹೇಳ್ತೇನೆ. ನಾಳೆ ಫಸ್ಟ್ ಶಿಫ್ಟಿಗೇ ಕರ್ಕೊಂಡು ಬನ್ನಿ. ಹೆದರಬೇಡಿ, ನಾನಿದ್ದೇನಲ್ಲ" ಎಂದು ಫೋನ್ ಇಟ್ಟೆ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದರು. ಮತ್ತೆ ಮುಂದಕ್ಕೆ ತಿರುಗಿದರು. ಮೂಲ್ಕಿಯಲ್ಲಿ ನನ್ನ ಪಕ್ಕದ ಸೀಟು ಖಾಲಿಯಾದ ಕೂಡಲೇ ಎದ್ದು ಬಂದು ಕೂತರು.

"ನೀವು ಸಿಸ್ಟರ್ ಅಲ್ವಾ?" ಅಂದರು. ಆಸ್ಪತ್ರೆಯ ಹೆಸರು ಹೇಳಿದರು, ವಾರ್ಡ್ ಹೇಳಿದರು, 2021ರ ಮೇ ತಿಂಗಳು ಅಂದರು. "ಸ್ವರ ಕೇಳಿ ಗೊತ್ತಾಯ್ತು. 'ನಾನಿದ್ದೇನಲ್ಲ' ಅಂತ ನಮಗೂ ಹೀಗೇ ಹೇಳ್ತಾ ಇದ್ರಿ." ನನ್ನ ಕೈ ಹಿಡಿದುಕೊಂಡರು. ಅವರಿಗೆ ನನಗಿಂತ ಹತ್ತು ವರ್ಷ ಜಾಸ್ತಿ ಇರಬಹುದು. ಅಪ್ಪನ ಹೆಸರು ಹೇಳಿದರು. ನಾನು ಹೌದು ಹೌದು ಎಂದು ತಲೆ ಆಡಿಸಿದೆ. ನನಗೆ ಏನೂ ನೆನಪಾಗಲಿಲ್ಲ. ಹೆಸರೂ ಇಲ್ಲ, ಮುಖವೂ ಇಲ್ಲ. ಅವರು ಮಾತ್ರ ನಿನ್ನೆ ಮೊನ್ನೆಯ ಕಥೆ ಎಂಬಂತೆ ಹೇಳುತ್ತಾ ಹೋದರು. ಪಡುಬಿದ್ರಿ ಬಂತು, ಕಾಪು ಬಂತು. "ಅಪ್ಪ ಹೋಗುವ ಮೊದಲು ನಾನು ಕಳಿಸಿದ ಉಪ್ಪಿನಕಾಯಿ ತಿಂದ್ರು ಅಂತ ನೀವು ಹೇಳಿದ್ದು ಸಿಸ್ಟರ್. ನಮಗೆ ಉಳಿದದ್ದು ಅದೊಂದೇ ಸಮಾಧಾನ." ಕಟಪಾಡಿಯಲ್ಲಿ ನಾನು ಇಳಿಯುವ ಮೊದಲು ನಂಬರ್ ಕೇಳಿ ತೆಗೆದುಕೊಂಡರು.

ಬಸ್ ಸ್ಟಾಪಿನಿಂದ ಮನೆಗೆ ಹತ್ತು ನಿಮಿಷದ ದಾರಿ. ಅರ್ಧ ದಾರಿಯಲ್ಲಿ ಬಾಟಲಿ ನೆನಪಾಯಿತು. ಹಳೆಯ ಹಾರ್ಲಿಕ್ಸ್ ಬಾಟಲಿ. ಮುಚ್ಚಳದ ಮೇಲೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಒಳಗೆ ಮಾವಿನ ಮಿಡಿ. ರಾತ್ರಿ ಪಾತ್ರೆ ತೊಳೆಯುವಾಗ ಉಳಿದದ್ದೂ ನೆನಪಾಯಿತು. ಅವರ ಅಪ್ಪ ಆ ಉಪ್ಪಿನಕಾಯಿ ತಿಂದಿರಲಿಲ್ಲ.

(ಊರು, ಬೆಡ್ ನಂಬರ್, ಇನ್ನು ಕೆಲವು ಗುರುತುಗಳನ್ನು ಬದಲಿಸಿದ್ದೇನೆ. ಬಾಟಲಿಯನ್ನು ಬದಲಿಸಿಲ್ಲ.)

ಮುಖ ಇಲ್ಲದ ಕೆಲಸ

ಸ್ವರದಿಂದ ಗುರುತು ಹಿಡಿದರು ಎಂದರೆ ಕೆಲವರಿಗೆ ಆಶ್ಚರ್ಯ ಆಗಬಹುದು. ಆದರೆ ಬೇರೆ ಯಾವುದರಿಂದ ಹಿಡಿಯುವುದು? ಆ ಎರಡು ವರ್ಷ ಕೋವಿಡ್ ವಾರ್ಡಿನಲ್ಲಿ ಯಾವ ರೋಗಿಯೂ ನಮ್ಮ ಮುಖ ನೋಡಿಲ್ಲ. ಪಿಪಿಇ ಕಿಟ್ ಹಾಕಿದ ಮೇಲೆ ಎಲ್ಲರೂ ಒಂದೇ. ಡಾಕ್ಟರು ಯಾರು, ನರ್ಸ್ ಯಾರು, ಕಸ ಗುಡಿಸುವವರು ಯಾರು ಎಂದು ನಮಗೇ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಎದೆಯ ಮೇಲೆ, ಬೆನ್ನಿನ ಮೇಲೆ ಮಾರ್ಕರಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೆವು. ಕನ್ನಡಕ ಇಲ್ಲದ ಅಜ್ಜಂದಿರಿಗೆ ಅದೂ ಕಾಣುತ್ತಿರಲಿಲ್ಲ. ಅವರಿಗೆ ನಾವೊಂದು ಸ್ವರ ಮಾತ್ರ. ಅದೂ ಎನ್95 ಮಾಸ್ಕಿನ ಹಿಂದಿನಿಂದ, ಕಿರುಚಿ ಕಿರುಚಿ ಒಡೆದ ಸ್ವರ.

ಕಿಟ್ಟಿನ ಕಥೆ ಎಲ್ಲರೂ ಪೇಪರಿನಲ್ಲಿ ಓದಿದ್ದೀರಿ, ಮತ್ತೆ ಹೇಳುವುದಿಲ್ಲ. ಎರಡೇ ಮಾತು. ಮಂಗಳೂರಿನ ಮೇ ತಿಂಗಳ ಸೆಖೆಯಲ್ಲಿ ಆರು ಗಂಟೆ ಅದರೊಳಗೆ ಇದ್ದರೆ ಗ್ಲೌಸಿನ ಬೆರಳಲ್ಲಿ ಬೆವರು ನಿಲ್ಲುತ್ತದೆ. ಕೈ ಎತ್ತಿದರೆ ಅದು ಮೊಣಕೈಗೆ ಇಳಿದು ಬರುತ್ತದೆ. ಇನ್ನೊಂದು, ನೀರು ಕುಡಿಯುವಂತಿಲ್ಲ, ಟಾಯ್ಲೆಟ್‌ಗೆ ಹೋಗುವಂತಿಲ್ಲ. ಹಾಗಾಗಿ ಡ್ಯೂಟಿಗೆ ಎರಡು ಗಂಟೆ ಮೊದಲೇ ನೀರು ನಿಲ್ಲಿಸುತ್ತಿದ್ದೆವು. ತಿಂಗಳ ಆ ನಾಲ್ಕು ದಿನಗಳ ಬಗ್ಗೆ ಹೆಣ್ಣುಮಕ್ಕಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಇದೆಲ್ಲ ಮೈಯ ಕಷ್ಟ. ಕಿಟ್ ಬಿಚ್ಚಿ ಸ್ನಾನ ಮಾಡಿ ಒಂದು ಲೋಟ ಮಜ್ಜಿಗೆ ಕುಡಿದರೆ ಮುಕ್ಕಾಲು ಪಾಲು ಹೋಗುತ್ತಿತ್ತು.

ಮುಖ ಇಲ್ಲದ್ದರಿಂದ ಆದ ಬೇರೊಂದು ಸಂಗತಿ ನನಗೆ ತುಂಬ ತಡವಾಗಿ ಹೊಳೆಯಿತು. ನರ್ಸಿಂಗಿನ ಅರ್ಧ ಕೆಲಸ ಮುಖದಲ್ಲೇ ಆಗುತ್ತದೆ. ಸೂಜಿ ಚುಚ್ಚುವಾಗ ಒಂದು ನಗು, ಹಠ ಮಾಡುವವರಿಗೆ ಒಂದು ಹುಬ್ಬು. ಅದು ಹೋದಾಗ ಎಲ್ಲವನ್ನೂ ಬಾಯಲ್ಲೇ ಹೇಳಬೇಕಾಯಿತು. ಹೇಳಲು ಟೈಮ್ ಇರಲಿಲ್ಲ. ಹಾಗಾಗಿ ನಾಲ್ಕೈದು ವಾಕ್ಯ ತಯಾರಾದವು. ಹೆದರಬೇಡಿ. ನಾನಿದ್ದೇನಲ್ಲ. ಬೋರಲು ಮಲಗಿ. ಮಾಸ್ಕ್ ತೆಗೀಬೇಡಿ. ನಾಳೆ ಕಡಿಮೆ ಆಗ್ತದೆ. ತುಳುವಿನವರಿಗೆ ತುಳುವಿನಲ್ಲಿ, ಬ್ಯಾರಿಯವರಿಗೆ ನನ್ನ ಮುರುಕು ಬ್ಯಾರಿಯಲ್ಲಿ, ಕಾಸರಗೋಡಿನವರಿಗೆ ನಮ್ಮ ಮಲಯಾಳಿ ಹುಡುಗಿಯರಿಂದ ಕಲಿತ ಎರಡು ಮಾತಿನಲ್ಲಿ. ದಿನಕ್ಕೆ ನೂರು ಸಲ ಹೇಳುತ್ತಿದ್ದೆ. ಹಣ್ಣಿನ ಅಂಗಡಿಯವರು ರೇಟು ಕೂಗುವ ಹಾಗೆ.

ಒಬ್ಬ ಅಜ್ಜ ಇದ್ದರು. ನಾನು ಬೆಡ್ ಹತ್ತಿರ ಹೋದಾಗಲೆಲ್ಲ ಮಾಸ್ಕ್ ಸ್ವಲ್ಪ ಸರಿಸಿ "ವನಸ್ ಆಂಡಾ ಮಗಾ?" ಎಂದು ಕೇಳುತ್ತಿದ್ದರು. ಊಟ ಆಯ್ತಾ ಎಂದು. ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, 84ಕ್ಕೆ ಇಳಿದ ಮನುಷ್ಯ ನನ್ನ ಊಟ ವಿಚಾರಿಸುವುದು! ಮಾಸ್ಕ್ ತೆಗೆದದ್ದಕ್ಕೆ ನಾನು ಬೈಯುತ್ತಿದ್ದೆ. ಬಸ್ಸಿನಲ್ಲಿ ಸಿಕ್ಕಿದವರ ಅಪ್ಪ ಅವರೇ ಇರಬಹುದಾ? ಇರಬಹುದು. ಇಲ್ಲದಿರಲೂಬಹುದು. ಆ ಹೆಂಗಸಿನ ಹತ್ತಿರ ಕೇಳಿದರೆ ಗೊತ್ತಾಗುತ್ತಿತ್ತು. ಕೇಳಿದರೆ ನನಗೆ ನೆನಪಿಲ್ಲ ಎಂಬುದೂ ಗೊತ್ತಾಗುತ್ತಿತ್ತು.

'ಸ್ಟೇಬಲ್'

ಎರಡನೇ ಅಲೆ ಬಂದಾಗ ನಮಗೆ ಲಸಿಕೆ ಆಗಿತ್ತು. 2021ರ ಜನವರಿ 16ಕ್ಕೆ ದೇಶದಲ್ಲಿ ಲಸಿಕೆ ಶುರುವಾದಾಗ ಮೊದಲ ಸಾಲು ಆಸ್ಪತ್ರೆಯವರದ್ದೇ. ಫೆಬ್ರವರಿಯಲ್ಲಿ ನಾವು ಸೆಲ್ಫಿ ಗಿಲ್ಫಿ ತೆಗೆದುಕೊಂಡು ಇನ್ನು ಮುಗಿಯಿತು ಅಂದುಕೊಂಡಿದ್ದೆವು. ಏಪ್ರಿಲ್ ಕೊನೆಗೆ ಮತ್ತೆ ಕರ್ಫ್ಯೂ. ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನದ ಹೊಸ ಕೇಸ್ 50 ಸಾವಿರ ದಾಟಿತು. ಅದಕ್ಕೆ ಎರಡು ಮೂರು ದಿನ ಮೊದಲು ಚಾಮರಾಜನಗರದಲ್ಲಿ ಆಕ್ಸಿಜನ್ ಸಿಗದೆ 24 ಜನ ಸತ್ತ ಸುದ್ದಿ ಬಂದಿತ್ತು. ಆ ದಿನ ಡ್ಯೂಟಿ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಎಲ್ಲರ ತಲೆಯಲ್ಲೂ ಇದ್ದದ್ದು ಒಂದೇ ಪ್ರಶ್ನೆ. ಅಲ್ಲಿ ಆ ರಾತ್ರಿ ಡ್ಯೂಟಿಯಲ್ಲಿದ್ದ ಸಿಸ್ಟರ್‌ಗಳು ಏನು ಮಾಡಿರಬಹುದು?

ನಮ್ಮ ವಾರ್ಡಿನಲ್ಲಿ ಸಂಜೆ ಐದಕ್ಕೆ ಫೋನಿನ ಕೆಲಸ. ಮನೆಯವರಿಗೆ ಒಳಗೆ ಬಿಡುವಂತಿಲ್ಲ. ಬೆಳಿಗ್ಗೆ ಡಾಕ್ಟರು ಫೋನ್ ಮಾಡಿ ಕಾಯಿಲೆಯ ಸ್ಥಿತಿ ಹೇಳುತ್ತಿದ್ದರು. ಸಂಜೆ ನರ್ಸ್ ಫೋನ್ ಮಾಡಿ ಉಳಿದದ್ದು ಹೇಳಬೇಕು. ಊಟ, ನಿದ್ದೆ, ಏನಾದರೂ ಬೇಕಾ, ಬೇಡವಾ. ಒಬ್ಬರಿಗೆ ಇಷ್ಟು ಎಂದು ಲೆಕ್ಕ. ಒಂದು ಕಾಲ್‌ಗೆ ಮೂರು ನಿಮಿಷಕ್ಕಿಂತ ಜಾಸ್ತಿ ಕೊಟ್ಟರೆ ಆರು ಗಂಟೆಯ ಔಷಧಿ ತಡವಾಗುತ್ತದೆ.

ಮನೆಯವರು ಕೇಳುವ ಮೊದಲ ಪ್ರಶ್ನೆ, "ಹೇಗಿದ್ದಾರೆ?" ಉತ್ತರ, "ಸ್ಟೇಬಲ್ ಇದ್ದಾರೆ." ಈ ಶಬ್ದಕ್ಕೆ ಕನ್ನಡದಲ್ಲಿ ಸರಿಯಾದ ಪದ ಇಲ್ಲದ್ದೇ ನಮಗೆ ಅನುಕೂಲ ಆಯಿತು ಅನಿಸುತ್ತದೆ. 'ಹುಷಾರಿದ್ದಾರೆ' ಅಂದರೆ ಸುಳ್ಳಾಗುತ್ತದೆ. 'ಹಾಗೇ ಇದ್ದಾರೆ' ಅಂದರೆ ಅಳುತ್ತಾರೆ. ಸ್ಟೇಬಲ್ ಅಂದರೆ, ನಿನ್ನೆ ಎಷ್ಟು ಕೆಟ್ಟದಿತ್ತೋ ಇವತ್ತೂ ಅಷ್ಟೇ. ಆದರೆ ಕೇಳಿದವರ ಕಿವಿಗೆ ಅದು ಗುಣ ಆಗುತ್ತಿದೆ ಎಂದೇ ಬೀಳುತ್ತಿತ್ತು. ನಮಗೂ ಗೊತ್ತಿತ್ತು. "ದೇವರು ದೊಡ್ಡವ ಸಿಸ್ಟರ್" ಎನ್ನುತ್ತಿದ್ದರು. ಒಬ್ಬರು ಕೊರಗಜ್ಜನಿಗೆ ಹರಕೆ ಹೇಳಿಕೊಂಡಿದ್ದೇವೆ, ಚಕ್ಕುಲಿ ವೀಳ್ಯ ಇಡ್ತೇವೆ, ನಿಮಗೂ ತಂದು ಕೊಡ್ತೇವೆ ಅಂದಿದ್ದರು. ತರುವ ಪ್ರಸಂಗ ಬರಲಿಲ್ಲ.

ಎರಡನೇ ಪ್ರಶ್ನೆ, "ಊಟ ಮಾಡಿದ್ರಾ?" ನಮ್ಮ ಕಡೆ ಪ್ರೀತಿಯನ್ನು ಬೇರೆ ಯಾವ ರೀತಿಯಲ್ಲೂ ಕೇಳಿ ಗೊತ್ತಿಲ್ಲವಲ್ಲ. ದುಬೈಯಿಂದ ಮಗ, ಮುಂಬೈಯಿಂದ ತಮ್ಮ, ಪಕ್ಕದ ಬೀದಿಯ ಮಗಳು, ಎಲ್ಲರದ್ದೂ ಇದೇ. ಗಂಜಿ ಕುಡಿದರು ಎಂದರೆ ಆ ಕಡೆ ನಿಟ್ಟುಸಿರು ಕೇಳುತ್ತಿತ್ತು. ಡಾಕ್ಟರು ಹೇಳಿದ ನೂರು ಮಾತಿಗಿಂತ ಈ ಅರ್ಧ ಲೋಟ ಗಂಜಿಗೆ ಬೆಲೆ.

ಗಾಳಿ ಬಂದ ದಿನ

ಮೇ 15, ಶನಿವಾರ. ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋದ ದಿನ. ಉಚ್ಚಿಲ, ಸೋಮೇಶ್ವರದ ಕಡೆ ಸಮುದ್ರ ಮನೆಗಳ ಹತ್ತಿರ ಬಂದಿತ್ತು. ವಾರ್ಡಿನ ಗಾಜಿನ ಕಿಟಕಿಗೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಮಧ್ಯಾಹ್ನದಿಂದ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಕರೆಂಟು ಹೋದ ಮೇಲೆ ಜನರೇಟರ್ ಹಿಡಿಯಲು ಕೆಲವು ಸೆಕೆಂಡು ಬೇಕು. ವೆಂಟಿಲೇಟರಿಗೆ ಬ್ಯಾಟರಿ ಇತ್ತು. ನಮ್ಮಲ್ಲಿದ್ದ ಹಳೆಯ ಬೈಪ್ಯಾಪ್ ಮೆಷಿನಿಗೆ ಇರಲಿಲ್ಲ. ಬೈಪ್ಯಾಪ್ ಎಂದರೆ ಮುಖಕ್ಕೆ ಬಿಗಿಯಾಗಿ ಮಾಸ್ಕ್ ಕಟ್ಟಿ ಒತ್ತಡದಲ್ಲಿ ಗಾಳಿ ಕೊಡುವ ಮೆಷಿನ್. ಅದು ಹಾಕಿದವರಿಗೆ ಬಾಯಿಯಲ್ಲಿ ಊಟ ಕೊಡುವುದು ಕಷ್ಟ, ಮೂಗಿನ ಟ್ಯೂಬಿನಲ್ಲೇ ಕೊಡಬೇಕು. ಒಂದೊಂದು ಸಲ ಲೈಟು ಹೋದಾಗಲೂ ನಾನು ಮತ್ತು ನನ್ನ ಜೊತೆಯ ಬ್ರದರ್ (ಗಂಡು ನರ್ಸ್) ಒಬ್ಬರು ಒಂದೊಂದು ಬೆಡ್ಡಿಗೆ ಓಡುತ್ತಿದ್ದೆವು. ಮಾಸ್ಕ್ ಸಡಿಲಿಸಬೇಕು, ಸಿಲಿಂಡರಿನ ಪೈಪು ಹಾಕಬೇಕು, ಅಷ್ಟರಲ್ಲಿ ಜನರೇಟರ್ ಬರುತ್ತದೆ, ಮತ್ತೆ ಕಟ್ಟಬೇಕು. ಕತ್ತಲಲ್ಲಿ ಅವರ ಕಣ್ಣು ನಮ್ಮನ್ನೇ ಹುಡುಕುವುದು ಕಾಣುತ್ತಿತ್ತು. ಆರೋ ಏಳೋ ಸಲ ಹಾಗಾಯಿತು. ಯಾರಿಗೂ ಏನೂ ಆಗಲಿಲ್ಲ. ಈ ಮಾತನ್ನು ನಾನು ಈಗಲೂ ನನಗೇ ಹೇಳಿಕೊಳ್ಳುತ್ತೇನೆ.

ರಾತ್ರಿ ಕಿಟ್ ಬಿಚ್ಚಿ ಸ್ನಾನ ಮಾಡಿ ಬಂದಾಗ ಕೌಂಟರಿನಲ್ಲಿ ಪಾರ್ಸೆಲ್ ಇತ್ತು. ಅಷ್ಟು ಗಾಳಿ ಮಳೆಯಲ್ಲಿ, ಅದೂ ಲಾಕ್‌ಡೌನಿನಲ್ಲಿ, ಯಾರೋ ರಿಕ್ಷಾದವರ ಕೈಯಲ್ಲಿ ಗೇಟಿಗೆ ಕಳಿಸಿದ್ದರು. ಹಾರ್ಲಿಕ್ಸ್ ಬಾಟಲಿಗೆ ಒಂದು ಚೀಟಿ ಅಂಟಿಸಿತ್ತು. 'ಬೆಡ್ 14, ಅಪ್ಪನಿಗೆ.' ಆ ಅಪ್ಪನಿಗೆ ಹಿಂದಿನ ದಿನವೇ ಬೈಪ್ಯಾಪ್ ಹಾಕಿ ಆಗಿತ್ತು. ಆದರೂ ಮರುದಿನ ಯಾರೋ ಬಾಟಲಿಯನ್ನು ಒಳಗೆ ತಂದಿದ್ದರು, ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದರು. ಬಹುಶಃ ನಾನೇ.

ಸೋಮವಾರ ಸಂಜೆ ಫೋನ್. ಪಟ್ಟಿಯಲ್ಲಿ ಹನ್ನೊಂದು ಹೆಸರು, ಇವರದ್ದು ಒಂಬತ್ತನೆಯದು. ಆರು ಗಂಟೆ ಆಗುತ್ತಾ ಬಂದಿತ್ತು. ಪಕ್ಕದ ಬೆಡ್ಡಿನ ಮಾನಿಟರ್ ಕೂಗುತ್ತಿತ್ತು. ಹೇಗಿದ್ದಾರೆ, ಸ್ಟೇಬಲ್, ಆಯಿತು. ಮಗಳು ಕೇಳಿದರು, "ಉಪ್ಪಿನಕಾಯಿ ಸಿಕ್ಕಿತಾ ಸಿಸ್ಟರ್? ತಿಂದ್ರಾ?"

"ತಿಂದ್ರು."

"ಅಮ್ಮ ಹೋದ ಮೇಲೆ ಈ ವರ್ಷ ನಾನೇ ಹಾಕಿದ್ದು. ಉಪ್ಪು ಜಾಸ್ತಿ ಆಗಿದೆಯಾ ಕೇಳಿ ಸಿಸ್ಟರ್."

"ಉಪ್ಪು ಸರಿ ಇದೆಯಂತೆ."

ಅಷ್ಟೇ. ಫೋನ್ ಇಟ್ಟೆ. ಮಾನಿಟರಿನ ಹತ್ತಿರ ಓಡಿದೆ. ಹತ್ತನೇ ಹೆಸರಿಗೆ ಡಯಲ್ ಮಾಡಿದೆ.

ಎರಡು ದಿನ ಬಿಟ್ಟು ಬೆಳಗಿನ ಜಾವ ಅವರು ತೀರಿಕೊಂಡರು. ನನಗೆ ಆಗ ಆಫ್ ಇತ್ತು. ಮರಳಿ ಬಂದಾಗ 14ರಲ್ಲಿ ಬೇರೆಯವರು ಇದ್ದರು. ಬಾಟಲಿ ಕಿಟಕಿಯಲ್ಲೇ ಇತ್ತು. ಕೋವಿಡ್ ವಾರ್ಡಿನ ಒಳಗೆ ಬಂದ ತಿನ್ನುವ ವಸ್ತು ಹೊರಗೆ ಹೋಗುವಂತಿಲ್ಲ. ಕನ್ನಡಕ, ವಾಚು, ಮೊಬೈಲು ಆದರೆ ಒರೆಸಿ, ಪುಸ್ತಕದಲ್ಲಿ ಬರೆದು, ಸಹಿ ಮಾಡಿಸಿಕೊಂಡು ಮನೆಯವರಿಗೆ ಕೊಡುತ್ತಿದ್ದೆವು. ಉಪ್ಪಿನಕಾಯಿಗೆ ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಹಳದಿ ಚೀಲಕ್ಕೆ ಹಾಕಿದೆ. ಎರಡು ಪದರದ ಹಳದಿ ಚೀಲ, ಸುಡಲಿಕ್ಕೆ ಹೋಗುವಂಥದ್ದು. ಒಳಗೆ ಬಿದ್ದಾಗ ಗಾಜು ಒಡೆಯಿತು. ಎರಡು ಮಾಸ್ಕಿನ ಒಳಗೂ ಸಾಸಿವೆಯ ವಾಸನೆ ಬಂತು.

ಈಗ ಆ ಹೆಂಗಸು ನನ್ನ ಕೈ ಹಿಡಿದು ಧನ್ಯವಾದ ಹೇಳುತ್ತಾರೆ. ನಾನು ಅವರ ಸಮಾಧಾನಕ್ಕೋಸ್ಕರ ಸುಳ್ಳು ಹೇಳಿದ್ದರೆ ಇಷ್ಟು ಕಾಡುತ್ತಿರಲಿಲ್ಲ. ಅಂಥ ಸುಳ್ಳು ಎಲ್ಲ ನರ್ಸ್‌ಗಳೂ ಹೇಳುತ್ತಾರೆ, ಹೇಳಬೇಕು ಕೂಡ. ಆದರೆ ನಾನು ಹೇಳಿದ್ದು ಕರುಣೆಯಿಂದ ಅಲ್ಲ. ಹೌದು ಅಂದರೆ ಕಾಲ್ ಬೇಗ ಮುಗಿಯುತ್ತದೆ. ಇಲ್ಲ ಅಂದರೆ ಯಾಕೆ, ಏನಾಯ್ತು, ಬಾಯಿಗೆ ಕೊಡುವುದಿಲ್ವಾ, ನಾನು ಡಾಕ್ಟರ ಹತ್ರ ಮಾತಾಡಬಹುದಾ, ಐದು ನಿಮಿಷ. ನನಗೆ ಫೋನ್ ಇಡಬೇಕಿತ್ತು.

ಮಂಡೆ ಬಿಸಿ

ನಮ್ಮ ಜಿಲ್ಲೆಗಳಲ್ಲಿ ಮನಸ್ಸಿನ ಎಲ್ಲ ಕಾಯಿಲೆಗೂ ಒಂದೇ ಶಬ್ದ, ಮಂಡೆ ಬಿಸಿ. ತುಳುವಿನಲ್ಲಿ ಮಂಡೆ ಬೆಚ್ಚ. ಬಸ್ ತಪ್ಪಿದರೂ ಮಂಡೆ ಬಿಸಿ, ಮಗಳ ಮದುವೆಗೂ ಮಂಡೆ ಬಿಸಿ, ರಾತ್ರಿ ಇಡೀ ಗೋಡೆ ನೋಡುತ್ತಾ ಕೂತರೂ ಮಂಡೆ ಬಿಸಿ. ಒಳ್ಳೆಯ ಶಬ್ದವೇ. ಬಾಯಿಬಿಟ್ಟು ಹೇಳಲು ನಾಚಿಕೆ ಇಲ್ಲ. ತೊಂದರೆ ಏನೆಂದರೆ ಎಲ್ಲರಿಗೂ ಯಾವಾಗಲೂ ಇರುವುದರಿಂದ ಯಾರಿಗೂ ಅದು ಕೇಳಿಸುವುದಿಲ್ಲ. 2021ರ ಜೂನಿನಲ್ಲಿ ನಾನು ಗಂಡನ ಹತ್ತಿರ "ನನಗೆ ತುಂಬ ಮಂಡೆ ಬಿಸಿ" ಅಂದೆ. "ಯಾರಿಗಿಲ್ಲ ಮಾರಾಯ್ತಿ" ಅಂದರು. ಅವರದ್ದು ತಪ್ಪಲ್ಲ. ಆ ವರ್ಷ ಅವರ ಅಂಗಡಿ ಮುಚ್ಚಿತ್ತು.

ನನಗೆ ಆಗಿದ್ದು ಏನು? ಹೇಳಿದರೆ ತೀರಾ ಸಣ್ಣದು ಅನಿಸುತ್ತದೆ. ರಾತ್ರಿ ಮಗಳು ಮಲಗಿದ ಮೇಲೆ ಅವಳ ಉಸಿರು ಎಣಿಸುತ್ತಿದ್ದೆ. ಗೋಡೆಯ ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ. 20, 22. ಐದು ವರ್ಷದ ಮಗುವಿಗೆ ಅದು ಸರಿಯಾದ ಲೆಕ್ಕ, ನನಗೆ ಗೊತ್ತು. ಆದರೂ ಒಂದು ಗಂಟೆ ಬಿಟ್ಟು ಮತ್ತೆ ಎದ್ದು ಎಣಿಸುತ್ತಿದ್ದೆ. ಆ ವರ್ಷ ಮುಗಿಯುವವರೆಗೂ ಎಣಿಸಿದೆ. ಇನ್ನೊಂದು, ಅಳು ಬರುತ್ತಿರಲಿಲ್ಲ. ಸ್ವಂತ ಸೋದರಮಾವ ತೀರಿಕೊಂಡಾಗ ಬೊಜ್ಜದ (ಉತ್ತರಕ್ರಿಯೆಯ) ದಿನ ಎಲ್ಲರೂ ಅಳುತ್ತಿದ್ದರು. ನಾನು ಬಡಿಸುವವರ ಸಾಲು ಸರಿ ಮಾಡುತ್ತಿದ್ದೆ. "ಅವಳಿಗೆ ಅಭ್ಯಾಸ ಆಗಿದೆ, ಗಟ್ಟಿ ಇದ್ದಾಳೆ" ಎಂದು ಚಿಕ್ಕಮ್ಮ ಯಾರಿಗೋ ಹೇಳುವುದು ಕೇಳಿಸಿತು.

ಆಮೇಲೆ ಓದಿ ತಿಳಿದುಕೊಂಡ ಎರಡು ಶಬ್ದಗಳಿವೆ. ಒಂದು ಬರ್ನ್‌ಔಟ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ವಿವರಿಸಿದ್ದು ಹೀಗೆ. ಕೆಲಸದ ಜಾಗದ ಒತ್ತಡ ಬಹಳ ಕಾಲ ಸರಿಹೋಗದೆ ಉಳಿದಾಗ ಮೂರು ಸಂಗತಿ ಆಗುತ್ತವೆ. ಶಕ್ತಿ ಬತ್ತುತ್ತದೆ, ಕೆಲಸದಿಂದ ಮನಸ್ಸು ದೂರ ಹೋಗುತ್ತದೆ, ಮಾಡಿದ್ದು ಯಾವುದೂ ಸಾಲದು ಅನಿಸುತ್ತದೆ. ಇದು ರೋಗ ಅಲ್ಲ, ಕೆಲಸದಿಂದ ಬರುವ ಸ್ಥಿತಿ ಎಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಈ ಮಾತು ನನಗೆ ಇಷ್ಟ ಆಯಿತು. ರೋಗ ನನ್ನದಾದರೆ ಮಾತ್ರೆ ನಾನು ತಿನ್ನಬೇಕು. ಕೆಲಸದಿಂದ ಬಂದದ್ದಾದರೆ ಡ್ಯೂಟಿ ಪಟ್ಟಿ ಮಾಡುವವರೂ ಸ್ವಲ್ಪ ಯೋಚಿಸಬೇಕು, ಅಲ್ವಾ?

ಎರಡನೆಯದು ಮಾರಲ್ ಇಂಜುರಿ. ವಿಯೆಟ್ನಾಂ ಯುದ್ಧ ಮುಗಿಸಿ ಬಂದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಜೊನಾಥನ್ ಶೇ ಎಂಬ ಅಮೆರಿಕದ ಮನೋವೈದ್ಯರು 1990ರ ದಶಕದಲ್ಲಿ ಬಳಕೆಗೆ ತಂದ ಮಾತು. ಆಸ್ಪತ್ರೆಯವರ ಮಟ್ಟಿಗೆ ಹೇಳುವುದಾದರೆ, ಸರಿ ಯಾವುದು ಎಂದು ಗೊತ್ತಿದ್ದೂ ಅದನ್ನು ಮಾಡಲಾಗದೆ ಹೋದಾಗ ಮನಸ್ಸಿಗೆ ಆಗುವ ಗಾಯ. ಯುದ್ಧಕ್ಕೂ ನಮ್ಮ ವಾರ್ಡಿಗೂ ಹೋಲಿಸುವುದು ನನಗೆ ಅಷ್ಟೇನೂ ಹಿಡಿಸುವುದಿಲ್ಲ. 'ಕೊರೋನಾ ವಾರಿಯರ್' ಎಂಬ ಮಾತೂ ಹಿಡಿಸಿದ್ದಿಲ್ಲ. ಆದರೆ ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಎಂದು ಕಾಲೇಜಿನಲ್ಲಿ ಬಾಯಿಪಾಠ ಮಾಡಿ, ಆಮೇಲೆ ನಾಲ್ವರನ್ನು ಒಬ್ಬಳೇ ನೋಡಿಕೊಂಡವಳಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಉಪ್ಪಿನಕಾಯಿಯ ಐದು ನಿಮಿಷ ಅದರಲ್ಲೇ ಬರುತ್ತದೆ.

ಚಪ್ಪಾಳೆ, ಹೂವು, ಝೂಮ್

2020ರ ಮಾರ್ಚ್ 22ರ ಸಂಜೆ ಐದಕ್ಕೆ ನಮ್ಮ ಪಿಜಿಯ ಬೀದಿಯಲ್ಲೂ ಜಾಗಟೆ ಬಾರಿಸಿದರು. ನಮಗೆಲ್ಲ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಜಿಲ್ಲೆಯ ಮೊದಲ ಕೇಸ್ ಬಂದದ್ದೂ ಅದೇ ದಿನ. ಎರಡು ವಾರ ಬಿಟ್ಟು ಅದೇ ಬೀದಿಯವರು ಪಿಜಿಯ ಓನರ್ ಹತ್ತಿರ, ಆಸ್ಪತ್ರೆಯ ಹುಡುಗಿಯರು ಬೇರೆ ಕಡೆ ಇರಲಿ ಎಂದರು. ನಮ್ಮ ಜೊತೆಯ ಕಾಸರಗೋಡಿನ ಹುಡುಗಿಯ ಕಥೆ ಇನ್ನೂ ಕಷ್ಟ. ತಲಪಾಡಿಯಲ್ಲಿ ಗಡಿ ಮುಚ್ಚಿತ್ತು. ದಿನಾ ಬಸ್ಸಿನಲ್ಲಿ ಮನೆಗೆ ಹೋಗಿ ಬರುತ್ತಿದ್ದವಳು ತಿಂಗಳುಗಟ್ಟಲೆ ಹಾಸ್ಟೆಲಿನ ನೆಲದಲ್ಲಿ ಮಲಗಿದಳು. ಮನೆಗೆ ಮೂವತ್ತು ಕಿಲೋಮೀಟರ್ ಕೂಡ ಇರಲಿಲ್ಲ. ಮೇ 3ಕ್ಕೆ ಹೆಲಿಕಾಪ್ಟರಿನಿಂದ ಆಸ್ಪತ್ರೆಗಳ ಮೇಲೆ ಹೂವು ಹಾಕುವುದನ್ನು ಟಿವಿಯಲ್ಲಿ ನೋಡುವಾಗ ಅವಳು, "ಅದರಲ್ಲಿ ನನ್ನನ್ನೊಮ್ಮೆ ಮಂಜೇಶ್ವರದಲ್ಲಿ ಇಳಿಸಿದ್ರೆ ಸಾಕಿತ್ತು ಚೇಚಿ" ಅಂದಳು. ತುಂಬ ನಕ್ಕಿದ್ದೆವು.

ಸರ್ಕಾರ ಏನೂ ಮಾಡಲಿಲ್ಲ ಎಂದಲ್ಲ. ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷದ ವಿಮೆ ಬಂತು. ನಮ್ಮ ಮೇಲೆ ಕೈ ಮಾಡಿದವರಿಗೆ ಏಳು ವರ್ಷದವರೆಗೆ ಜೈಲು ಎಂದು 2020ರ ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆ ಬಂತು. ಒಂದು ಸತ್ತರೆ, ಇನ್ನೊಂದು ಪೆಟ್ಟು ತಿಂದರೆ. ಬದುಕಿ ಉಳಿದು, ಪೆಟ್ಟೂ ತಿನ್ನದೆ, ರಾತ್ರಿ ಉಸಿರು ಎಣಿಸುವವರಿಗೆ ಯಾವ ಕಾಲಮ್ಮೂ ಇರಲಿಲ್ಲ. ಸತ್ತವರೇನೂ ಕಡಿಮೆ ಅಲ್ಲ. 2020ರ ಜನವರಿಯಿಂದ 2021ರ ಮೇವರೆಗೆ ಜಗತ್ತಿನಲ್ಲಿ 80 ಸಾವಿರದಿಂದ 1 ಲಕ್ಷ 80 ಸಾವಿರ ಆರೋಗ್ಯ ಕಾರ್ಯಕರ್ತರು ಕೋವಿಡ್‌ನಿಂದ ತೀರಿಕೊಂಡಿರಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಎರಡು ಅಂಕಿಗಳ ನಡುವೆ ಒಂದು ಲಕ್ಷದ ಅಂತರ. ಸತ್ತವರನ್ನೇ ಸರಿಯಾಗಿ ಎಣಿಸಿ ಆಗಿಲ್ಲ.

ಅಂದ ಹಾಗೆ 2020, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿ 200 ವರ್ಷ ಆದದ್ದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮೊದಲೇ ಘೋಷಿಸಿಟ್ಟಿದ್ದ ದಾದಿಯರ ವರ್ಷ. ವಿಧಿಗೆ ಹಾಸ್ಯಪ್ರಜ್ಞೆ ಉಂಟು.

ನಮ್ಮ ಆಸ್ಪತ್ರೆಯಲ್ಲೂ ಮಾನಸಿಕ ಆರೋಗ್ಯಕ್ಕೆಂದು ಒಂದು ಕಾರ್ಯಕ್ರಮ ಆಯಿತು. ಝೂಮಿನಲ್ಲಿ, ಬೆಳಿಗ್ಗೆ ಹತ್ತಕ್ಕೆ. ನೈಟ್ ಡ್ಯೂಟಿ ಮುಗಿಸಿದವರೂ ಕಡ್ಡಾಯ ಸೇರಬೇಕು. ದೀರ್ಘವಾಗಿ ಉಸಿರು ಎಳೆದುಕೊಳ್ಳಿ ಎಂದು ಒಬ್ಬರು ಹೇಳಿಕೊಟ್ಟರು. ಕ್ಯಾಮೆರಾ ಆಫ್ ಮಾಡಿ ಎಲ್ಲರೂ ಮಲಗಿದೆವು. ಹಾಗೆ ನೋಡಿದರೆ ಅದರಿಂದ ಲಾಭವೇ ಆಯಿತು. ವಾರ್ಡಿನ ಹೌಸ್‌ಕೀಪಿಂಗ್ ಅಕ್ಕನಿಗೆ ಅದೂ ಇರಲಿಲ್ಲ. ಬಾಗಲಕೋಟೆ ಕಡೆಯವರು, ಗುತ್ತಿಗೆಯ ಕೆಲಸ. ಸತ್ತವರನ್ನು ಹೈಪೋಕ್ಲೋರೈಟ್ ಎಂಬ ಸೋಂಕುನಾಶಕ ಸಿಂಪಡಿಸಿ, ಚೀಲದಲ್ಲಿಟ್ಟು ಝಿಪ್ ಎಳೆಯುವಾಗ ನನ್ನ ಎದುರು ನಿಂತು ಇನ್ನೊಂದು ಬದಿ ಹಿಡಿಯುತ್ತಿದ್ದವರು ಅವರು. ಒಂದು ದಿನ ಝಿಪ್ ಎಳೆಯುವ ಮೊದಲು ಆ ಅಜ್ಜಿಯ ಕೂದಲು ಸರಿ ಮಾಡಿ ಕಿವಿಯ ಹಿಂದೆ ಸಿಕ್ಕಿಸಿದರು. ಗ್ಲೌಸಿನ ಕೈಯಲ್ಲಿ, ಎರಡು ಸೆಕೆಂಡು. ನಾನು ಮಾಡದ ಕೆಲಸ. ಅವರು ಎಲ್ಲಿದ್ದಾರೋ. ಅವರ ನಂಬರ್ ನಮ್ಮ ಯಾರ ಹತ್ತಿರವೂ ಇಲ್ಲ.

ಈಗ 14416 ಎಂಬ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಕನ್ನಡದಲ್ಲೂ ಮಾತಾಡಬಹುದು. ನಾನು ಒಮ್ಮೆ ಮಾಡಿದ್ದೇನೆ. ಆ ಕಡೆ ಇದ್ದ ಹುಡುಗಿ ತಾಳ್ಮೆಯಿಂದ ಕೇಳಿದಳು, ಹತ್ತಿರದ ಡಾಕ್ಟರನ್ನು ನೋಡಲು ಹೇಳಿದಳು, ನಾನು ಹೋದೆ, ನಿದ್ದೆ ಸರಿಯಾಯಿತು. ಇದರ ಬಗ್ಗೆ ಜಾಸ್ತಿ ಬರೆಯಲು ಏನೂ ಇಲ್ಲ. ಮಾತಾಡುತ್ತಿರುವಾಗ ನನ್ನ ತಲೆಯಲ್ಲಿ ಇದ್ದದ್ದು, ಈಕೆಯ ಪಟ್ಟಿಯಲ್ಲಿ ಇನ್ನು ಎಷ್ಟು ಕಾಲ್ ಬಾಕಿ ಉಂಟೋ ಎಂದು.

ಮತ್ತೆ ಬಾಟಲಿ

ಬಸ್ಸಿನಲ್ಲಿ ಸಿಕ್ಕಿದ ಅಕ್ಕ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಶುಭೋದಯ ಕಳಿಸುತ್ತಾರೆ. ಕೃಷ್ಣನ ಫೋಟೋ, ಸೂರ್ಯಕಾಂತಿ, ಇತ್ಯಾದಿ. ನಾನು ಕೈ ಮುಗಿದದ್ದು ಕಳಿಸುತ್ತೇನೆ. ಎರಡು ಸಲ ಉದ್ದ ಮೆಸೇಜ್ ಬರೆದೆ. 'ಅಕ್ಕ, ಅವತ್ತು ನಿಮ್ಮ ಅಪ್ಪ' ಎಂದು ಶುರುಮಾಡಿ ಅಳಿಸಿದೆ. ಗೆಳತಿಯೊಬ್ಬಳ ಹತ್ತಿರ ಹೇಳಿದಾಗ ಅವಳು ಬೈದಳು. "ನಿನ್ನ ಮನಸ್ಸು ಹಗುರ ಮಾಡ್ಲಿಕ್ಕೆ ಅವರ ಸಮಾಧಾನ ಕಿತ್ಕೊಳ್ತೀಯಾ?" ಅವಳು ಈಗ ಐರ್ಲೆಂಡಿನಲ್ಲಿ ಇದ್ದಾಳೆ. ನಮ್ಮ ಆ ವಾರ್ಡಿನ ಹದಿನಾಲ್ಕು ಜನರಲ್ಲಿ ಐವರು ಹೊರದೇಶದಲ್ಲಿ, ಒಬ್ಬಳು ನೈಟಿ ವ್ಯಾಪಾರ ಮಾಡುತ್ತಾಳೆ, ಮತ್ತೆ ಯಾವತ್ತೂ ಆಸ್ಪತ್ರೆಗೆ ಕಾಲಿಡುವುದಿಲ್ಲ ಅನ್ನುತ್ತಾಳೆ. ಅವಳು ಹೇಳಿದ್ದು ಬೇರೆ. "ಹೇಳಿಬಿಡು. ಅವರಿಗೂ ಅಂದಾಜು ಇದ್ದೇ ಇರ್ತದೆ." ನನಗೆ ಇಬ್ಬರದ್ದೂ ಸರಿ ಅನಿಸಿತು.

ಏಪ್ರಿಲ್ ಕೊನೆಯಲ್ಲಿ ಅಕ್ಕ ಫೋನ್ ಮಾಡಿ ಯೂನಿಟ್ ಎಲ್ಲಿ ಎಂದು ಕೇಳಿಕೊಂಡು ಹುಡುಕಿಕೊಂಡು ಬಂದರು. ಕೈಚೀಲದಲ್ಲಿ ಪೇಪರ್ ಸುತ್ತಿದ ಬಾಟಲಿ. ಈ ಸಲ ಹಾರ್ಲಿಕ್ಸ್ ಅಲ್ಲ, ಹೊಸ ಪ್ಲಾಸ್ಟಿಕ್ ಡಬ್ಬಿ. ನಮ್ಮಲ್ಲಿ ಎರಡನೇ ಶಿಫ್ಟ್ ಹಾಕುವ ಹೊತ್ತು. ಕೂತುಕೊಳ್ಳಿ ಅಂದೆ, ಇಲ್ಲ ಬಸ್ಸಿಗೆ ಹೊತ್ತಾಯ್ತು ಅಂದರು. "ಈ ವರ್ಷ ಮಿಡಿ ಸಿಕ್ಕಿದ್ದೇ ಕಷ್ಟ. ತಿಂದು ನೋಡಿ ಹೇಳಿ" ಎಂದು ಹೋದರು. ನಿಂತು ಮಾತಾಡಲು ಅವರಿಗೂ ಟೈಮ್ ಇರಲಿಲ್ಲ, ನನಗೂ ಇರಲಿಲ್ಲ.

ಡಬ್ಬಿ ಹತ್ತು ದಿನ ಅಡುಗೆಮನೆಯ ಕಟ್ಟೆಯ ಮೇಲೆ ಇತ್ತು. ಅತ್ತೆ ಎರಡು ಸಲ ಕೇಳಿದರು, ಒಡೆಯುವುದಾ ಎಂದು. ಮೊನ್ನೆ ಭಾನುವಾರ ರಾತ್ರಿ ಸೆಖೆಗೆ ಬೇರೇನೂ ಬೇಡ ಅನಿಸಿ ಗಂಜಿ ಮಾಡಿದ್ದೆ. ಒಂದು ಮಿಡಿ ತೆಗೆದು ಬಟ್ಟಲಿನ ಅಂಚಿಗೆ ಇಟ್ಟುಕೊಂಡೆ. ಕಚ್ಚಿದೆ. ಸೊನೆಯ ವಾಸನೆ ಚೆನ್ನಾಗಿತ್ತು. ಗಂಜಿ ಮುಗಿಸಿ, ಕೈ ತೊಳೆದು ಬಂದು, ಅಕ್ಕನಿಗೆ ಮೆಸೇಜ್ ಹಾಕಿದೆ. 'ಉಪ್ಪಿನಕಾಯಿ ತಿಂದೆ ಅಕ್ಕ. ಒಳ್ಳೆದಾಗಿದೆ. ಉಪ್ಪು ಮಾತ್ರ ಸ್ವಲ್ಪ ಜಾಸ್ತಿ.'